ಸ್ಲೀವ್ ಮಾಡಿಸಿ ಎಂಟು ವರ್ಷ, ಇಳಿದ ತೂಕ ಮರಳಿ ಬಂದಿದೆ: ಎರಡನೆಯ ಶಸ್ತ್ರಚಿಕಿತ್ಸೆಗೆ ಒಪ್ಪಲೇ?

ಅಮಾನಿಕೆರೆ ದಂಡೆ, ತುಮಕೂರು
ಭಾನುವಾರ, ರಾತ್ರಿ 9:42

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲು ಮೂರು ವಾರ ಹಿಂದೆಮುಂದೆ ನೋಡಿದ್ದೇನೆ. ಮನೆಯಲ್ಲಿ ಹೇಳಿಕೊಂಡರೆ ಮಾತು ಜಗಳಕ್ಕೆ ತಿರುಗುತ್ತದೆ, ಶಾಲೆಯಲ್ಲಿ ಹೇಳಿಕೊಳ್ಳಲು ನಾಚಿಕೆ.

ನಾನು ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ವಯಸ್ಸು 44, ಎತ್ತರ 158 ಸೆಂ.ಮೀ. 2017ರ ದಸರಾ ರಜೆಯಲ್ಲಿ ಬೆಂಗಳೂರಿನಲ್ಲಿ ಸ್ಲೀವ್ ಮಾಡಿಸಿಕೊಂಡೆ, ಅಂದರೆ ತೂಕ ಇಳಿಸಲು ಜಠರದ ಬಹುಭಾಗ ತೆಗೆದು ಕೊಳವೆಯಂತೆ ಕಿರಿದು ಮಾಡುವ ಶಸ್ತ್ರಚಿಕಿತ್ಸೆ. ಆಗ ನನ್ನ ತೂಕ 108 ಕೆಜಿ, ಸಕ್ಕರೆ ಕಾಯಿಲೆಗೆ ದಿನಕ್ಕೆ ಮೂರು ಮಾತ್ರೆ. ಒಂದೂವರೆ ವರ್ಷದಲ್ಲಿ 72ಕ್ಕೆ ಇಳಿದೆ. ಮಾತ್ರೆಗಳು ನಿಂತವು. ದೇವರಾಯನದುರ್ಗದಲ್ಲಿ ಮೇಲಿನ ನರಸಿಂಹಸ್ವಾಮಿಯ ಗುಡಿಯವರೆಗೆ ಎಲ್ಲಿಯೂ ಕೂರದೆ ಹತ್ತಿದ ದಿನ ಕಣ್ಣಲ್ಲಿ ನೀರು ಬಂದಿತ್ತು.

2020ರಲ್ಲಿ ಶಾಲೆ ಮುಚ್ಚಿತು, ಅದೇ ವರ್ಷ ಅಪ್ಪ ತೀರಿಕೊಂಡರು. ಅಲ್ಲಿಂದ ವರ್ಷಕ್ಕೆ ಮೂರು ನಾಲ್ಕು ಕೆಜಿಯಂತೆ ಏರಿ ಈಗ 93ಕ್ಕೆ ಬಂದು ನಿಂತಿದ್ದೇನೆ. ಮಧುಮೇಹದ ಮಾತ್ರೆ ಮತ್ತೆ ಶುರುವಾಗಿದೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7.9. ಎರಡು ವರ್ಷದಿಂದ ಎದೆಯುರಿ ಇದೆ. ಮಲಗಿದರೆ ಹುಳಿನೀರು ಗಂಟಲಿಗೆ ನುಗ್ಗುತ್ತದೆ, ಎರಡು ದಿಂಬು ಇಟ್ಟುಕೊಂಡು ಅರ್ಧ ಕುಳಿತೇ ನಿದ್ರೆ ಮಾಡುತ್ತೇನೆ.

ಕಳೆದ ತಿಂಗಳು ಬೆಂಗಳೂರಿನ ಬೇರೊಬ್ಬ ಶಸ್ತ್ರಚಿಕಿತ್ಸಕರನ್ನು ಕಂಡೆ. ಹತ್ತು ನಿಮಿಷ ಮಾತಾಡಿ, ‘ಸ್ಲೀವ್ ಹಿಗ್ಗಿದೆ, ಮಿನಿ ಬೈಪಾಸ್ ಮಾಡೋಣ’ ಎಂದರು. ಬೈಪಾಸ್ ಎಂದರೆ ಜಠರವನ್ನು ಚಿಕ್ಕ ಚೀಲ ಮಾಡಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವುದು. ಎಂಡೋಸ್ಕೋಪಿ ಮಾಡಿಸಿರಲಿಲ್ಲ. 4 ಲಕ್ಷ 20 ಸಾವಿರದ ಅಂದಾಜು ಪಟ್ಟಿ ಕೈಗೆ ಕೊಟ್ಟರು. ‘ಮೊದಲ ಸಲಕ್ಕೇ ಒಡವೆ ಅಡವಿಟ್ಟೆವು. ಆ ಆಪರೇಷನ್ ನಿಲ್ಲಲಿಲ್ಲ, ಇದು ನಿಲ್ಲುತ್ತದೆಂದು ಯಾರು ಬರೆದುಕೊಡುತ್ತಾರೆ?’ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಅವರ ಪ್ರಶ್ನೆ ತಪ್ಪೆಂದು ನನಗೂ ಅನ್ನಿಸುವುದಿಲ್ಲ.

ಎರಡನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಬೇಡವೆಂದು ಬಿಟ್ಟವರು ಯಾರಾದರೂ ಇದ್ದರೆ ನಿಮ್ಮ ಅನುಭವ ತಿಳಿಸಿ. ಸಮಾಧಾನದ ಮಾತು ಬೇಡ, ನಡೆದದ್ದು ಬೇಕು.

ಅಂತರಗಂಗೆ, ಕೋಲಾರ
ಭಾನುವಾರ, ರಾತ್ರಿ 10:55

ಅಕ್ಕಾ, ನಾನು ಮಾಡಿಸಿಕೊಂಡವನು. ನಡೆದದ್ದನ್ನೇ ಹೇಳುತ್ತೇನೆ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನೋಡಿಕೊಳ್ಳುತ್ತೇನೆ. 2015ರಲ್ಲಿ ಸ್ಲೀವ್ ಆದಾಗ 131 ಕೆಜಿ ಇದ್ದೆ, 88ಕ್ಕೆ ಇಳಿದೆ. ಸುಗ್ಗಿಯ ದಿನಗಳಲ್ಲಿ ನಮಗೆ ಊಟಕ್ಕೆ ಹೊತ್ತುಗೊತ್ತಿಲ್ಲ. ಲಾರಿ ಬರುವ ಹೊತ್ತಿಗೆ ಚಹಾ, ಹರಾಜಿನ ಹೊತ್ತಿಗೆ ಚಹಾ, ಲೆಕ್ಕದ ಹೊತ್ತಿಗೆ ಚಹಾ, ಜೊತೆಗೆ ಒಂದು ಬನ್ನು. ಹೊಟ್ಟೆ ಚಿಕ್ಕದಿದ್ದರೇನು, ಚಹಾ ನಿಲ್ಲದೆ ಇಳಿಯುತ್ತದೆ. ಆರು ವರ್ಷದಲ್ಲಿ 116 ಆದೆ. 2022ರಲ್ಲಿ ಸ್ಲೀವ್ ಅನ್ನು ಬೈಪಾಸ್‌ಗೆ ಬದಲಿಸಿದರು. ಅದೇ ಹಳೆಯ ಪದ್ಧತಿಯದು, ರೂ-ಎನ್-ವೈ ಎನ್ನುತ್ತಾರೆ. ಕಡಿಮೆಯೆಂದರೆ 86 ಕಂಡೆ, ಈಗ 91.

ಎರಡನೆಯದು ಮೊದಲಿನಷ್ಟು ಇಳಿಸುವುದಿಲ್ಲ. ಮೊದಲ ಸಲ 43 ಕೆಜಿ ಹೋಯಿತು, ಎರಡನೆಯ ಸಲ 30. ಮೊದಲ ಸಲ ತೂಕ ತಾನಾಗಿ ಜಾರಿತು, ಎರಡನೆಯ ಸಲ ಒಂದೊಂದು ಕೆಜಿಗೂ ದುಡಿದಿದ್ದೇನೆ. ಒಳಗೆ ಹಳೆಯ ಗಾಯದ ಅಂಟು ಇರುವುದರಿಂದ ಶಸ್ತ್ರಚಿಕಿತ್ಸೆಯೂ ಉದ್ದವಾಯಿತು, ನಾಲ್ಕು ಗಂಟೆ ಹಿಡಿಯಿತು.

ನನ್ನ ಎದೆಯುರಿ ಮಾತ್ರ ಹದಿನೈದು ದಿನದಲ್ಲಿ ಹೋಯಿತು. ಸ್ಲೀವ್ ಆದವರ ಜಠರ ಬಾಳೆಹಣ್ಣಿನ ಆಕಾರದ ಕೊಳವೆ, ಅದರೊಳಗೆ ಒತ್ತಡ ಹೆಚ್ಚು, ಕೆಳಗೆ ದಾರಿ ಬಿಗಿ, ಹಾಗಾಗಿ ಆಮ್ಲ ಮೇಲಕ್ಕೇ ಬರುತ್ತದೆ ಎಂದು ನನ್ನ ವೈದ್ಯರು ಚಿತ್ರ ಬರೆದು ತೋರಿಸಿದ್ದರು. ಬೈಪಾಸ್‌ನಲ್ಲಿ ಆ ಒತ್ತಡ ಇರುವುದಿಲ್ಲ. ನಿಮ್ಮ ಹುಳಿನೀರಿನ ವಿಷಯವನ್ನು ಮೊದಲು ಬಿಡಿಸಿಕೊಳ್ಳಿ, ತೂಕದ ಮಾತು ಆಮೇಲೆ.

ಇನ್ನೊಂದು ಮಾತು, ನನ್ನದೇ ತಪ್ಪಿನಿಂದ ಕಲಿತದ್ದು. ಬೈಪಾಸ್ ಆದ ಎರಡನೆಯ ವರ್ಷ ಮಂಡಿನೋವಿಗೆ ಔಷಧಿ ಅಂಗಡಿಯಿಂದ ಡೈಕ್ಲೋಫಿನಾಕ್ ತಂದು ತಿಂಗಳುಗಟ್ಟಲೆ ನುಂಗಿದೆ. ಒಂದು ದಿನ ಮಲ ಟಾರಿನಂತೆ ಕಪ್ಪಾಯಿತು, ಹಿಮೋಗ್ಲೋಬಿನ್ 7.4ಕ್ಕೆ ಬಂದಿತ್ತು. ಜಠರವನ್ನೂ ಕರುಳನ್ನೂ ಜೋಡಿಸಿದ ಜಾಗದಲ್ಲಿ ಹುಣ್ಣು. ಬೈಪಾಸ್ ಆದವರು ಆ ಜಾತಿಯ ನೋವಿನ ಮಾತ್ರೆಗಳನ್ನು ಮುಟ್ಟಬಾರದು, ಬೀಡಿ ಸಿಗರೇಟು ಸೇದಬಾರದು. ಬಿಡುಗಡೆಯ ಚೀಟಿಯಲ್ಲಿ ಅದು ಇತ್ತಂತೆ. ನಾನು ಓದಿರಲಿಲ್ಲ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ಸೋಮವಾರ, ಬೆಳಿಗ್ಗೆ 6:10

ತಾಯಿ, ನಿಮ್ಮ ತಂದೆಯ ವಯಸ್ಸಿನವನು ಹೇಳುತ್ತಿದ್ದೇನೆ, ಬೇಸರ ಬೇಡ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಒಮ್ಮೆ ಹೊಟ್ಟೆ ಕತ್ತರಿಸಿಕೊಂಡು ಮತ್ತೆ ತುಂಬಿಸಿಕೊಂಡ ಮೇಲೆ ಎರಡನೆಯ ಸಲ ಕತ್ತರಿಸಿದರೂ ಅದೇ ಕಥೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ದಿನವೂ ಆರು ಕಿಲೋಮೀಟರ್ ನಡೆಯುತ್ತೇನೆ, ರಾತ್ರಿ ಒಂದು ಮುದ್ದೆ, ಅಷ್ಟೇ. 68ರಲ್ಲೂ ಒಂದು ಮಾತ್ರೆ ಇಲ್ಲ. ಬಾಯಿ ಕಟ್ಟಿದರೆ ನಾಲ್ಕು ಲಕ್ಷ ಉಳಿಯುತ್ತದೆ.

ಅಂತರಗಂಗೆ, ಕೋಲಾರ
ಸೋಮವಾರ, ಬೆಳಿಗ್ಗೆ 7:31

ಯಜಮಾನರೇ, ಆ ಗಾದೆಯ ಇನ್ನರ್ಧವೂ ಇದೆ: ‘ಮಾತು ಬಲ್ಲವನಿಗೆ ಜಗಳವಿಲ್ಲ’. ನೂರ ಎಂಟು ಕೆಜಿ ಹೊತ್ತು ತರಗತಿಯಲ್ಲಿ ನಿಂತು ಪಾಠ ಮಾಡಿದವರಿಗೆ ಬಾಯಿ ಕಟ್ಟುವುದು ಗೊತ್ತಿಲ್ಲವೆಂದು ಹೇಗೆ ತೀರ್ಮಾನಿಸಿದಿರಿ? ನಾವೆಲ್ಲ ಹತ್ತು ಸಲ ಬಾಯಿ ಕಟ್ಟಿ, ಹತ್ತು ಸಲವೂ ತೂಕ ಮರಳಿದ ಮೇಲೆಯೇ ಆಪರೇಷನ್ ಟೇಬಲ್ ಹತ್ತಿದವರು.

ಪಥ್ಯ, ತುಮಕೂರು
ಸೋಮವಾರ, ಮಧ್ಯಾಹ್ನ 2:20

ನಾನು ಪಥ್ಯಾಹಾರ ತಜ್ಞೆ. ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ಆದರೂ ಊಟ ಮಾಡುವುದು ಇಲ್ಲಿಯೇ ಆದ್ದರಿಂದ ಇಂಥವರು ತಿಂಗಳಿಗೆ ನಾಲ್ಕೈದು ಮಂದಿ ನನ್ನ ಬಳಿ ಬರುತ್ತಾರೆ. ಹೆಚ್ಚಿನವರು ಎರಡನೆಯ ವರ್ಷದ ನಂತರ ಯಾವ ತಪಾಸಣೆಗೂ ಹೋಗಿರುವುದಿಲ್ಲ. ಕರೆದವರೂ ಇರುವುದಿಲ್ಲ. ಇದು ನನಗೆ ತೀರಾ ನೋವು ಕೊಡುವ ಸಂಗತಿ.

ಮೊದಲು ನಂದಿ ತಪ್ಪಲಿನ ಹಿರಿಯರಿಗೆ. ಸರ್, ನೀವು ನಡೆಯುವುದು ಒಳ್ಳೆಯದು, ಆದರೆ ತೂಕ ಇಳಿದ ದೇಹ ಹಳೆಯ ತೂಕವನ್ನು ವಾಪಸ್ ಕೇಳುತ್ತದೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೂ ಸೇರಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ತೆಗೆಯುತ್ತಾರೆ, ಅದಕ್ಕೇ ಮೊದಲ ವರ್ಷ ಹಸಿವೇ ಕಾಣುವುದಿಲ್ಲ. ಕಾಲ ಕಳೆದಂತೆ ಹಸಿವು ಒಂದಷ್ಟು ಮರಳುತ್ತದೆ, ವಿಶ್ರಾಂತಿಯಲ್ಲಿ ದೇಹ ಸುಡುವ ಶಕ್ತಿಯೂ ಮೊದಲಿಗಿಂತ ಕಡಿಮೆಯಾಗಿರುತ್ತದೆ. ಒಂದೂವರೆ ಎರಡು ವರ್ಷಕ್ಕೆ ಅತಿ ಕಡಿಮೆ ತೂಕ ಮುಟ್ಟಿ ಆಮೇಲೆ ಸ್ವಲ್ಪ ಏರುವುದು ಬಹುತೇಕ ಎಲ್ಲರಲ್ಲೂ ಇದ್ದದ್ದೇ. ಮೇಡಂ ಅವರದ್ದು ‘ಸ್ವಲ್ಪ’ವನ್ನು ದಾಟಿದೆ. ಇಳಿದ 36ರಲ್ಲಿ 21 ಮರಳಿದೆ. ಆದ್ದರಿಂದ ಕಾರಣ ಹುಡುಕಲೇಬೇಕು.

ಮೇಡಂ, ‘ಸ್ಲೀವ್ ಹಿಗ್ಗಿದೆ’ ಎಂಬುದು ನೋಡಿ ಹೇಳಬೇಕಾದ ಮಾತು. ಎಂಡೋಸ್ಕೋಪಿ ಬೇಕು, ಬೇರಿಯಂ ಕುಡಿಸಿ ತೆಗೆಯುವ ಎಕ್ಸ್-ರೇ ಬೇಕು. ಅನ್ನನಾಳದಲ್ಲಿ ಹುಣ್ಣು ಎಷ್ಟಿದೆ, ವಪೆಯ ರಂಧ್ರದಿಂದ ಜಠರ ಎದೆಯೊಳಗೆ ಜಾರಿದೆಯೇ, ಕೊಳವೆ ಎಲ್ಲಾದರೂ ಸೊಟ್ಟಗಾಗಿ ಬಿಗಿದಿದೆಯೇ ಎಂಬುದೆಲ್ಲ ಅದರಲ್ಲಿ ತಿಳಿಯುತ್ತದೆ. ಎರಡು ವರ್ಷ ಆಮ್ಲ ಕಂಡ ಅನ್ನನಾಳವನ್ನು ತೂಕ ಏರದಿದ್ದರೂ ಒಮ್ಮೆ ನೋಡಲೇಬೇಕು. ಫಿನ್ಲೆಂಡಿನಲ್ಲಿ 240 ಮಂದಿಯನ್ನು ಸ್ಲೀವ್ ಮತ್ತು ಬೈಪಾಸ್ ಎಂದು ಹಂಚಿ ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ ಶೇ 31, ಬೈಪಾಸ್ ಆದವರಲ್ಲಿ ಶೇ 7.

ರಕ್ತದಲ್ಲಿ ಥೈರಾಯ್ಡ್, ಬಿ12, ಫೆರಿಟಿನ್, ವಿಟಮಿನ್ ಡಿ, ಕ್ಯಾಲ್ಸಿಯಂ, ಅಲ್ಬುಮಿನ್ ನೋಡಿಸಿ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿ. ಸಕ್ಕರೆಯ ಮಾತ್ರೆಗಳಲ್ಲೇ ಕೆಲವು ತೂಕ ಏರಿಸುತ್ತವೆ, ಸ್ಟಿರಾಯ್ಡ್ ಏರಿಸುತ್ತದೆ, ಮನಸ್ಸಿನ ಕಾಯಿಲೆಯ ಕೆಲವು ಔಷಧಿಗಳೂ ಏರಿಸುತ್ತವೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ವೈದ್ಯರ ಬಳಿ ಕೇಳಿ.

ಇನ್ನು ಊಟದ ಡೈರಿ. ಎರಡು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ, ಹೊತ್ತನ್ನೂ ಬರೆಯಿರಿ, ಪಕ್ಕದಲ್ಲಿ ‘ಯಾಕೆ ತಿಂದೆ’ ಎಂದು ಒಂದೇ ಒಂದು ಪದ. ಸ್ಲೀವ್ ಆದವರಿಗೆ ಒಣ ಚಪಾತಿ, ಗಟ್ಟಿ ಮಾಂಸ ಎದೆಯಲ್ಲಿ ನಿಂತ ಹಾಗಾಗುತ್ತದೆ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ನಿಪ್ಪಟ್ಟು, ಐಸ್‌ಕ್ರೀಂ ಸಲೀಸಾಗಿ ಇಳಿಯುತ್ತವೆ. ಗೊತ್ತಿಲ್ಲದೆಯೇ ಜನ ಇಳಿಯುವ ಆಹಾರದ ಕಡೆಗೆ ಹೊರಳುತ್ತಾರೆ. ಒಂದು ಹೊತ್ತಿಗೆ ತಿನ್ನುವುದು ಅಂಗೈಯಷ್ಟೇ, ಆದರೆ ದಿನಕ್ಕೆ ಹನ್ನೊಂದು ಹೊತ್ತು.

ಗೌರಿಬಿದನೂರು ಹೊಸಬ
ಸೋಮವಾರ, ಸಂಜೆ 5:48

ನನಗೆ ಬೈಪಾಸ್ ಆಗಿ ನಾಲ್ಕು ವರ್ಷ. ಆರಾಮವಾಗಿದ್ದೇನೆ ಎಂದು ವಿಟಮಿನ್ ಮಾತ್ರೆ ನಿಲ್ಲಿಸಿದ್ದೇನೆ. ತೊಂದರೆಯೇ?

ಪಥ್ಯ, ತುಮಕೂರು
ಸೋಮವಾರ, ಸಂಜೆ 6:30

ಹೌದು, ತೊಂದರೆ. ಬೈಪಾಸ್‌ನಲ್ಲಿ ಆಹಾರ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೊಡಿನಮ್ ಮುಟ್ಟದೆ ಮುಂದೆ ಹೋಗುತ್ತದೆ, ಕಬ್ಬಿಣಾಂಶ ಹೀರಲ್ಪಡುವುದು ಮುಖ್ಯವಾಗಿ ಅಲ್ಲಿಯೇ. ಬಿ12ನ ದಾಸ್ತಾನು ಯಕೃತ್ತಿನಲ್ಲಿ ಕೆಲವು ವರ್ಷಕ್ಕೆ ಆಗುವಷ್ಟು ಇರುತ್ತದೆ, ಆದ್ದರಿಂದ ಈಗ ಆರಾಮವೆನಿಸುವುದು ನಿಜ. ಅದು ಮುಗಿದ ಮೇಲೆ ಪಾದ ಜೋಮು ಹಿಡಿಯುತ್ತದೆ, ತಡವಾದರೆ ನರ ಪೂರ್ತಿ ಸರಿಹೋಗದೆಯೂ ಇರಬಹುದು. ಮಾತ್ರೆಗಳು ಜೀವನಪೂರ್ತಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ಎರಡು ಗಂಟೆ ಬಿಡಿ, ಕಾಫಿ ಚಹಾದ ಜೊತೆ ಕಬ್ಬಿಣ ಬೇಡ. ಈ ವಾರವೇ ರಕ್ತ ಕೊಟ್ಟು ಬನ್ನಿ.

ಚಿಂತಾಮಣಿಯ ಮಗಳು
ಸೋಮವಾರ, ರಾತ್ರಿ 11:15

ಇದನ್ನು ಓದಿ ನಿದ್ರೆ ಬರಲಿಲ್ಲ. ನನ್ನ ಅಮ್ಮನ ವಿಷಯ ಹೇಳುತ್ತೇನೆ. ಹೆದರಿಸುವ ಉದ್ದೇಶವಿಲ್ಲ, ಆದರೆ ಮುಚ್ಚಿಡುವುದೂ ಸರಿಯಲ್ಲ.

ಅಮ್ಮನಿಗೆ 2014ರಲ್ಲಿ ಸ್ಲೀವ್, 2021ರಲ್ಲಿ ಬೈಪಾಸ್‌ಗೆ ಬದಲಾವಣೆ. ಮೂರನೆಯ ದಿನ ಮನೆಗೆ ಕಳುಹಿಸಿದರು. ಐದನೆಯ ದಿನ ಬೆಳಿಗ್ಗೆ ಎಡ ಭುಜ ನೋಯುತ್ತಿದೆ ಎಂದರು, ಮಲಗಿದ ಭಂಗಿ ಇರಬೇಕೆಂದು ನಾನು ಎಣ್ಣೆ ಹಚ್ಚಿದೆ. ಮಧ್ಯಾಹ್ನ ನಾಡಿ 130 ಇತ್ತು, ಜ್ವರ ಕೇವಲ 100. ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿದರೆ ‘ನೀರು ಕುಡಿಸಿ, ನಾಳೆ ಕರೆದುಕೊಂಡು ಬನ್ನಿ’ ಎಂದರು. ನಮ್ಮ ಪಕ್ಕದ ಮನೆಯ ನರ್ಸ್ ಅಕ್ಕ ಬಂದು ನಾಡಿ ಹಿಡಿದವರೇ, ‘ನಾಳೆ ಅನ್ನಬೇಡ, ಈಗಲೇ ಕಾರು ಹತ್ತಿಸು’ ಎಂದರು. ಚಿಂತಾಮಣಿಯಿಂದ ಬೆಂಗಳೂರಿನವರೆಗೆ ಆ ದಾರಿ ಮುಗಿಯಲೇ ಇಲ್ಲ. ಹೊಲಿಗೆಯ ಜಾಗದಲ್ಲಿ ಸೋರಿಕೆ. ಅದೇ ರಾತ್ರಿ ಮತ್ತೆ ಶಸ್ತ್ರಚಿಕಿತ್ಸೆ, 26 ದಿನ ಆಸ್ಪತ್ರೆ, ಅದರಲ್ಲಿ ಒಂಬತ್ತು ದಿನ ಐಸಿಯು. ಮೂಗಿನ ಕೊಳವೆಯಲ್ಲೇ ಆಹಾರ.

ಈಗ ಅಮ್ಮ 97ರಿಂದ 78ಕ್ಕೆ ಬಂದಿದ್ದಾರೆ, ಸಕ್ಕರೆ ಹತೋಟಿಯಲ್ಲಿದೆ. ಆಗಾಗ ರಕ್ತನಾಳದ ಮೂಲಕ ಕಬ್ಬಿಣಾಂಶ ಹಾಕಿಸಬೇಕು. ಮಾಡಿಸಿಕೊಂಡದ್ದಕ್ಕೆ ಅಮ್ಮನಿಗೆ ಪಶ್ಚಾತ್ತಾಪವಿಲ್ಲ. ನನಗಿದೆ, ಏಕೆಂದರೆ ಕೇಳಬೇಕಾದ ಪ್ರಶ್ನೆಗಳನ್ನು ನಾನು ಕೇಳಿರಲಿಲ್ಲ.

ನೀವು ಕೇಳಿ ಮೇಡಂ. ಈ ವೈದ್ಯರು ವರ್ಷಕ್ಕೆ ಎಷ್ಟು ‘ಎರಡನೆಯ’ ಶಸ್ತ್ರಚಿಕಿತ್ಸೆ ಮಾಡುತ್ತಾರೆ? ಮೊದಲ ಬಾರಿಯದಕ್ಕಿಂತ ಇದರಲ್ಲಿ ಸೋರಿಕೆ, ರಕ್ತಸ್ರಾವ ಹೆಚ್ಚು, ಹಾಗಾಗಿ ಮೊದಲ ಬಾರಿಯವುಗಳ ಲೆಕ್ಕ ತೋರಿಸಿದರೆ ಸಾಲದು. ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಎತ್ತುವವರು ವೈದ್ಯರೋ, ಸ್ವಾಗತ ಕೌಂಟರಿನವರೋ? ತುಮಕೂರಿಗೆ ಮರಳುವ ಮುನ್ನ ಮೊದಲ ಹತ್ತು ದಿನ ಬೆಂಗಳೂರಿನಲ್ಲೇ ನೆಂಟರ ಮನೆಯಲ್ಲಿ ಇರಲು ಸಾಧ್ಯವೇ? ನಾಡಿ 120 ದಾಟಿದರೆ, ಉಸಿರು ಕಟ್ಟಿದರೆ, ಎಡ ಭುಜ ನೋವು ಬಂದರೆ ಜ್ವರಕ್ಕಾಗಿ ಕಾಯಬೇಡಿ ಎಂದು ಮನೆಯವರೆಲ್ಲರಿಗೂ ಬರೆದು ಗೋಡೆಗೆ ಅಂಟಿಸಿ.

ಶಿರಾ ರಸ್ತೆ
ಮಂಗಳವಾರ, ಬೆಳಿಗ್ಗೆ 8:05

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ನೌಕರ ನಾನು. ನನ್ನದೂ ಸ್ಲೀವ್, 2018ರದ್ದು, 19 ಕೆಜಿ ಮರಳಿತ್ತು. ಎರಡನೆಯ ಶಸ್ತ್ರಚಿಕಿತ್ಸೆಯ ಬದಲು ತೂಕ ಇಳಿಸುವ ಇಂಜೆಕ್ಷನ್ ವಾರಕ್ಕೊಂದು ತೆಗೆದುಕೊಳ್ಳುತ್ತಿದ್ದೇನೆ. ಮೌಂಜಾರೊ ನಮ್ಮ ದೇಶಕ್ಕೆ 2025ರ ಮಾರ್ಚ್‌ನಲ್ಲಿ ಬಂತು, ವೆಗೋವಿ ಜೂನ್‌ನಲ್ಲಿ. ಎಂಟು ತಿಂಗಳಲ್ಲಿ 14 ಕೆಜಿ ಇಳಿದಿದ್ದೇನೆ. ಮೊದಲೆರಡು ತಿಂಗಳು ವಾಕರಿಕೆ, ಮಲಬದ್ಧತೆ. ತಿಂಗಳ ಖರ್ಚು ನನ್ನ ಸಂಬಳಕ್ಕೆ ಭಾರವೇ. ನಿಲ್ಲಿಸಿದರೆ ಏನಾಗುತ್ತದೆ ಎಂಬ ಭಯವಂತೂ ಇದ್ದೇ ಇದೆ.

ಪಥ್ಯ, ತುಮಕೂರು
ಮಂಗಳವಾರ, ಮಧ್ಯಾಹ್ನ 1:40

ಆ ಭಯಕ್ಕೆ ಆಧಾರವಿದೆ. ವೆಗೋವಿಯಲ್ಲಿರುವ ಔಷಧಿ ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದು ವರ್ಷದೊಳಗೆ ಇಳಿದ ತೂಕದ ಮೂರನೆಯ ಎರಡು ಪಾಲನ್ನು ಮರಳಿ ಪಡೆದದ್ದು ಅಧ್ಯಯನದಲ್ಲೇ ದಾಖಲಾಗಿದೆ. ಹಾಗೆಂದು ಈ ದಾರಿಯನ್ನು ತಳ್ಳಿಹಾಕುವ ಹಾಗೂ ಇಲ್ಲ. ಶಸ್ತ್ರಚಿಕಿತ್ಸೆಯ ನಂತರ ಸಾಕಷ್ಟು ಇಳಿಯದ 70 ಮಂದಿಗೆ ಲಂಡನ್ನಿನಲ್ಲಿ 24 ವಾರ ಅದೇ ಜಾತಿಯ ಔಷಧಿ ಲಿರಾಗ್ಲುಟೈಡ್ ಅಥವಾ ಖಾಲಿ ಇಂಜೆಕ್ಷನ್ ಕೊಟ್ಟು ನೋಡಿದರು. ಔಷಧಿ ಸಿಕ್ಕವರಲ್ಲಿ ಸರಾಸರಿ ಶೇ 8ಕ್ಕೂ ಹೆಚ್ಚು ಇಳಿಯಿತು, ಇನ್ನೊಂದು ಗುಂಪಿನಲ್ಲಿ ಶೇ 1 ಕೂಡ ಇಳಿಯಲಿಲ್ಲ. ಆದರೆ ಮೇದೋಜೀರಕದ ಉರಿಯೂತ ಬಂದುಹೋದವರು, ಮನೆಯಲ್ಲಿ ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಮೇಡಂ ಅವರ ಹುಳಿನೀರಿಗೆ ಇಂಜೆಕ್ಷನ್ ಉತ್ತರವಲ್ಲ. ಈ ಔಷಧಿಗಳು ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಕೆಲವರಿಗೆ ಉರಿ ಹೆಚ್ಚೂ ಆಗಬಹುದು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ಮಂಗಳವಾರ, ರಾತ್ರಿ 8:50

ಎಲ್ಲವನ್ನೂ ಎರಡು ಸಲ ಓದಿದೆ. ಗ್ರೆಲಿನ್ ವಿಷಯ ನನಗೆ ತಿಳಿದಿರಲಿಲ್ಲ. ತಾಯಿ, ನನ್ನ ಮಾತು ಒರಟಾಯಿತು, ಮನ್ನಿಸಿ. ಲೆಕ್ಕ ನೋಡಿದವನಾಗಿ ಒಂದು ಮಾತ್ರ ಹೇಳುತ್ತೇನೆ. ವಿಮೆ ಇದ್ದರೆ ಪಾಲಿಸಿಯ ಕಾಗದ ತೆಗೆಯಿರಿ. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಗೊತ್ತುಮಾಡಿದ ಷರತ್ತುಗಳು ಅದರಲ್ಲಿ ಅಚ್ಚಾಗಿರುತ್ತವೆ: ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40, ಅಥವಾ 35ರ ಜೊತೆ ಹತೋಟಿಗೆ ಬಾರದ ಟೈಪ್ 2 ಮಧುಮೇಹ, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ಸ್ಲೀಪ್ ಆಪ್ನಿಯಾ, ಹೃದಯದ ಕಾಯಿಲೆ ಇಂಥವು. ನಿಮ್ಮ ಬಿಎಂಐ 37 ದಾಟುತ್ತದೆ. ಮುಂಚಿತ ಒಪ್ಪಿಗೆಯನ್ನು ಬರಹದಲ್ಲಿ ಕೇಳಿ, ಬಾಯಿಮಾತು ನಂಬಬೇಡಿ.

ಅಮಾನಿಕೆರೆ ದಂಡೆ, ತುಮಕೂರು
ಹದಿನೆಂಟು ದಿನಗಳ ನಂತರ, ಶನಿವಾರ, ಸಂಜೆ 7:20

ಎಲ್ಲರೂ ನನ್ನವರೆಂಬಂತೆ ಬರೆದಿದ್ದೀರಿ. ತಡವಾಗಿ ಉತ್ತರಿಸುತ್ತಿದ್ದೇನೆ, ಏಕೆಂದರೆ ಪರೀಕ್ಷೆಗಳನ್ನೆಲ್ಲ ಮುಗಿಸಿಯೇ ಬರೆಯಬೇಕೆಂದುಕೊಂಡೆ. ಹಿರಿಯರೇ, ಮನ್ನಿಸುವಂಥದ್ದು ಏನೂ ಇಲ್ಲ. ನೀವು ಹೇಳಿದ್ದನ್ನೇ ಎಂಟು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ.

ಎಂಡೋಸ್ಕೋಪಿ ತುಮಕೂರಿನಲ್ಲೇ ಆಯಿತು. ನನ್ನ ಸ್ಲೀವ್ ಹಿಗ್ಗಿಲ್ಲ! ವರದಿಯನ್ನು ಕೈಯಲ್ಲಿ ಹಿಡಿದು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ತಿಂದು ತಿಂದು ಹಿಗ್ಗಿಸಿಕೊಂಡೆ ಎಂದು ಇಷ್ಟು ದಿನ ನಂಬಿದ್ದೆ. ಇರುವುದು ವಪೆಯ ಹರ್ನಿಯಾ, 3 ಸೆಂ.ಮೀ., ಮತ್ತು ಅನ್ನನಾಳದಲ್ಲಿ ‘ಗ್ರೇಡ್ ಬಿ’ ಉರಿಯೂತ. ತುಣುಕು ತೆಗೆದು ಪರೀಕ್ಷೆಗೆ ಕಳುಹಿಸಿದ್ದರು, ಕೆಟ್ಟದ್ದೇನೂ ಇಲ್ಲ. ಬಿ12 ತೀರಾ ಕೆಳಗಿದೆ, ವಿಟಮಿನ್ ಡಿ 11, ಥೈರಾಯ್ಡ್ ಕುಂದಿದೆ ಎಂದು ತೋರಿಸುವ ಟಿಎಸ್‌ಎಚ್ 8.6. ಥೈರಾಯ್ಡ್ ಮಾತ್ರೆ, ಬಿ12 ಇಂಜೆಕ್ಷನ್ ಶುರುವಾಗಿವೆ.

ಇನ್ನು ಡೈರಿ. ಪಥ್ಯ ಮೇಡಂ, ನೀವು ಬರೆಯಲು ಹೇಳಿದ ಆ ಒಂದು ಪದವೇ ನನ್ನ ಕಣ್ಣು ತೆರೆಸಿತು. ಹಗಲಿನ ಊಟದಲ್ಲಿ ಅಂಥ ತಪ್ಪು ಕಾಣಲಿಲ್ಲ, ಪ್ರೋಟೀನ್ ಕಡಿಮೆ, ಸರಾಸರಿ 31 ಗ್ರಾಂ. ಕಾಫಿ ಐದು ಲೋಟ, ಹತ್ತು ಚಮಚ ಸಕ್ಕರೆ. ಆದರೆ ರಾತ್ರಿ ಒಂದು ಗಂಟೆ, ಮೂರು ಗಂಟೆ ಎಂದು ಹದಿನಾಲ್ಕು ದಿನದಲ್ಲಿ ಹನ್ನೊಂದು ದಿನ ಬರೆದಿದ್ದೇನೆ: ಒಂದು ಲೋಟ ಹಾಲು ಸಕ್ಕರೆ ಹಾಕಿ, ನಾಲ್ಕೈದು ಬಿಸ್ಕತ್ತು. ಪಕ್ಕದಲ್ಲಿ ‘ಹಸಿವು’ ಎಂದು ಒಂದು ದಿನವೂ ಬರೆದಿಲ್ಲ. ಹನ್ನೊಂದು ಸಲವೂ ಒಂದೇ ಪದ, ‘ಉರಿ’. ಉರಿ ತಣಿಸಲು ಎರಡು ವರ್ಷದಿಂದ ನಾನು ನಡುರಾತ್ರಿ ಊಟ ಮಾಡುತ್ತಿದ್ದೇನೆ. ರಾತ್ರಿ ಅಡುಗೆಮನೆಯ ದೀಪ ಕಂಡು ಅತ್ತೆಯವರು ‘ಇನ್ನೂ ತಿನ್ನುತ್ತಿದ್ದಾಳೆ’ ಎಂದುಕೊಳ್ಳುತ್ತಿದ್ದರು, ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಯಜಮಾನರಿಗೆ ಆ ಪುಟಗಳನ್ನು ತೋರಿಸಿದೆ. ಅವರು ಏನೂ ಹೇಳಲಿಲ್ಲ. ಮರುದಿನ ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿದ್ದರು.

ಬೆಂಗಳೂರಿನಲ್ಲಿ ಎರಡನೆಯ ಅಭಿಪ್ರಾಯಕ್ಕೆ ಇನ್ನೊಬ್ಬರನ್ನು ಕಾಣಬೇಕು. ಮಿನಿ ಬೈಪಾಸ್‌ಗೂ ಹಳೆಯ ಬೈಪಾಸ್‌ಗೂ ನನ್ನ ಸ್ಥಿತಿಯಲ್ಲಿ ವ್ಯತ್ಯಾಸವಿದೆಯೇ? ಅಂತರಗಂಗೆಯವರು ಅದನ್ನು ಒತ್ತಿ ಹೇಳಿದಂತಿತ್ತು.

ಅಂತರಗಂಗೆ, ಕೋಲಾರ
ಶನಿವಾರ, ರಾತ್ರಿ 9:35

ಇದೆ ಅಕ್ಕಾ, ನಿಮ್ಮ ವಿಷಯದಲ್ಲಿ ದೊಡ್ಡ ವ್ಯತ್ಯಾಸ. ನನಗೂ ಮೊದಲು ಮಿನಿ ಎಂದೇ ಹೇಳಿದ್ದರು. ಮಿನಿಯಲ್ಲಿ ಜೋಡಣೆ ಒಂದೇ, ಸಮಯ ಕಡಿಮೆ, ತೂಕವೂ ಚೆನ್ನಾಗಿ ಇಳಿಯುತ್ತದೆ. ಆದರೆ ಪಿತ್ತರಸ ಹರಿಯುವ ಕರುಳು ಅದೇ ಜೋಡಣೆಯ ಬಳಿಯೇ ಹಾದುಹೋಗುವುದರಿಂದ ಪಿತ್ತ ಮೇಲಕ್ಕೆ ಬರುವ ಸಾಧ್ಯತೆ ಇರುತ್ತದೆ. ಮೊದಲೇ ಉರಿ, ಹರ್ನಿಯಾ ಇರುವವರಿಗೆ ಅದು ಬೇಡವೆಂದು ನನ್ನ ಎರಡನೆಯ ವೈದ್ಯರು ನಿಲ್ಲಿಸಿದರು. ರೂ-ಎನ್-ವೈನಲ್ಲಿ ಜೋಡಣೆ ಎರಡು, ಪಿತ್ತ ಬಂದು ಸೇರುವುದು ತುಂಬ ಕೆಳಗೆ. ಹರ್ನಿಯಾವನ್ನೂ ಅದೇ ಹೊತ್ತಿಗೆ ಸರಿಪಡಿಸುತ್ತಾರೆಯೇ ಎಂದು ಕೇಳಿ. ‘ಸ್ಲೀವ್ ಅನ್ನೇ ಮತ್ತೊಮ್ಮೆ ಕಿರಿದು ಮಾಡೋಣ’ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ನಿಮ್ಮದು ಹಿಗ್ಗಿಯೇ ಇಲ್ಲ, ಇನ್ನೂ ಬಿಗಿ ಮಾಡಿದರೆ ಉರಿ ಇನ್ನಷ್ಟು.

ಚಿಂತಾಮಣಿಯ ಮಗಳು
ಭಾನುವಾರ, ಬೆಳಿಗ್ಗೆ 9:00

ಅಮ್ಮನಿಗೆ ನಿಮ್ಮ ‘ಉರಿ’ಯ ಪುಟದ ಕಥೆ ಓದಿ ಹೇಳಿದೆ. ತಾನೂ ರಾತ್ರಿ ಹಾಲು ಕುಡಿಯುತ್ತಿದ್ದೆ ಎಂದರು, ಅದು ನನಗೆ ಈವರೆಗೆ ಗೊತ್ತಿರಲಿಲ್ಲ. ನೀವು ಬೆಂಗಳೂರಿಗೆ ಹೋಗುವ ಮುನ್ನ ಮಾತಾಡಬೇಕೆನಿಸಿದರೆ ಅಮ್ಮ ಸಿದ್ಧರಿದ್ದಾರೆ.

ಅಮಾನಿಕೆರೆ ದಂಡೆ, ತುಮಕೂರು
ಮೂರು ವಾರಗಳ ನಂತರ, ಭಾನುವಾರ, ಮಧ್ಯಾಹ್ನ 12:10

ಎರಡನೆಯ ಅಭಿಪ್ರಾಯ ಆಯಿತು. ಬೆಳಗಿನ ರೈಲಿಗೆ ಹೋಗಿ ಸಂಜೆ ಮರಳಿದೆವು, ಯಜಮಾನರೂ ಬಂದಿದ್ದರು. ಮುಕ್ಕಾಲು ಗಂಟೆ ಕೂರಿಸಿಕೊಂಡು ವರದಿ, ಡೈರಿ ಎರಡನ್ನೂ ನೋಡಿದರು. ಚಿಂತಾಮಣಿಯವರ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಒಂದಕ್ಕೂ ಸಿಡುಕಲಿಲ್ಲ.

ಸದ್ಯಕ್ಕೆ ನಾಲ್ಕು ತಿಂಗಳು ಶಸ್ತ್ರಚಿಕಿತ್ಸೆ ಇಲ್ಲ. ಆಮ್ಲದ ಔಷಧಿ ಪೂರ್ಣ ಪ್ರಮಾಣದಲ್ಲಿ, ಥೈರಾಯ್ಡ್ ಮತ್ತು ಬಿ12 ಸರಿಪಡಿಸುವುದು, ಪ್ರೋಟೀನ್ 60 ಗ್ರಾಂಗೆ ಏರಿಸುವುದು, ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ. ಆಮೇಲೆ ಮತ್ತೆ ಎಂಡೋಸ್ಕೋಪಿ. ಅನ್ನನಾಳ ವಾಸಿಯಾಗದಿದ್ದರೆ ಬೇಸಿಗೆ ರಜೆಯಲ್ಲಿ ರೂ-ಎನ್-ವೈ ಬೈಪಾಸ್, ಜೊತೆಗೆ ಹರ್ನಿಯಾದ ದುರಸ್ತಿ. ‘ತೂಕಕ್ಕಾಗಿ ಮಾತ್ರವಾದರೆ ಮೊದಲು ಇಂಜೆಕ್ಷನ್ ನೋಡೋಣ ಎನ್ನುತ್ತಿದ್ದೆ. ನಿಮ್ಮ ಅನ್ನನಾಳಕ್ಕಾಗಿ ಬೈಪಾಸ್ ಬೇಕಾಗಬಹುದು’ ಎಂದರು. ಆ ಒಂದು ವಾಕ್ಯ ನಮ್ಮ ಮನೆಯ ಜಗಳವನ್ನು ನಿಲ್ಲಿಸಿದೆ. ವಿಮೆಗೆ ಪತ್ರವನ್ನೂ ಬರೆದಿದ್ದೇನೆ, ಹಿರಿಯರು ಹೇಳಿದಂತೆ ಬರಹದಲ್ಲೇ.

ಮಾತ್ರೆ ಹೆಚ್ಚಿಸಿದ ಮೇಲೆ ವಾರದಲ್ಲಿ ಐದು ರಾತ್ರಿ ಎಚ್ಚರವಾಗುತ್ತಿಲ್ಲ. ತೂಕ 91.4.

ಪಥ್ಯ ಮೇಡಂ, ಒಂದು ಸಂದೇಹ. ಮನೆಯಲ್ಲಿ ವಾರಕ್ಕೆ ಮೂರು ದಿನ ಹುರುಳಿಕಾಳಿನ ಬಸ್ಸಾರು ಮಾಡುತ್ತೇವೆ. ಕಟ್ಟಿನ ಸಾರು ಎರಡು ಲೋಟ ಕುಡಿಯುತ್ತೇನೆ. ಅದನ್ನು ಪ್ರೋಟೀನ್ ಲೆಕ್ಕಕ್ಕೆ ಸೇರಿಸಬಹುದೇ?

ಪಥ್ಯ, ತುಮಕೂರು
ಭಾನುವಾರ, ಸಂಜೆ 4:45

ಕಟ್ಟಿನಲ್ಲಿ ಪ್ರೋಟೀನ್ ಅಲ್ಪ, ಹೆಚ್ಚಿನದು ಕಾಳಿನಲ್ಲೇ ಉಳಿಯುತ್ತದೆ. ಕಾಳನ್ನು ಪಲ್ಯಕ್ಕೆ ಹಾಕಿ ಮನೆಯವರಿಗೆಲ್ಲ ಬಡಿಸುತ್ತೀರಿ, ನೀವು ಸಾರು ಮಾತ್ರ ಕುಡಿಯುತ್ತೀರಿ, ಅಲ್ಲವೇ? ನಾಳೆಯಿಂದ ಬೆಂದ ಕಾಳು ಒಂದು ಸಣ್ಣ ಬಟ್ಟಲು ಮೊದಲು ನಿಮಗೆ ಎತ್ತಿಡಿ, ಚೆನ್ನಾಗಿ ಅಗಿದು ತಿನ್ನಿ, ಅರ್ಧ ಗಂಟೆ ಬಿಟ್ಟು ಸಾರು. ಖಾರ ಮಾತ್ರ ಕಡಿಮೆ ಇರಲಿ. ಜೊತೆಗೆ ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ಮೊಸರು. ಮುಂದಿನ ವಾರದ ಡೈರಿ ಶನಿವಾರ ಕಳುಹಿಸಿ.